ಬೆಟ್ಟಕ್ಕೆ ತುಕ್ಕು ಹಿಡಿಸಿದವರು ಯಾರು?

ಚಿಕ್ಕಮಗಳೂರಿನಿಂದ ಬಾಬಾಬುಡನ್‌ಗಿರಿಗೆ ಹೋಗುವ ದಾರಿಯಲ್ಲಿ ಕಾಫಿತೋಟಗಳ ನಡುವೆ ಏರುತ್ತ ಹೋದರೆ ಅತ್ತಿಗುಂಡಿ ಸಿಗುತ್ತದೆ. ನಿಮ್ಮಲ್ಲಿ ಹಲವರು ಶಾಲಾ ಪ್ರವಾಸದಲ್ಲಿ ಅಲ್ಲಿ ಬಸ್ಸಿಳಿದು ಚಹಾ ಕುಡಿದಿರಬಹುದು, ಮಂಜಿನಲ್ಲಿ ಫೋಟೋ ತೆಗೆಸಿಕೊಂಡಿರಬಹುದು. ಕಾಲ ಕೆಳಗಿನ ಕಲ್ಲನ್ನು ನೋಡಿದವರು ಬಹುಶಃ ಕಡಿಮೆ. ಮುಂದಿನ ಸಲ ಹೋದಾಗ ಆ ಬೆಟ್ಟಸಾಲಿನಲ್ಲಿ ಎಲ್ಲಾದರೂ ಬಂಡೆ ಬಯಲಾಗಿರುವ ಕಡೆ ಒಂದು ತುಂಡನ್ನು ಕೈಗೆತ್ತಿಕೊಳ್ಳಿ. ಅದು ಗಾತ್ರಕ್ಕೆ ಮೀರಿದ ಭಾರ ಇದ್ದರೆ, ಅದರ ಮೇಲೆ ಕಪ್ಪು-ಕೆಂಪು ಪಟ್ಟೆಯೊಂದು, ಬಿಳಿ-ಬೂದು ಪಟ್ಟೆಯೊಂದು, ಮತ್ತೆ ಕಪ್ಪು, ಮತ್ತೆ ಬಿಳಿ ಹೀಗೆ ಪುಸ್ತಕದ ಹಾಳೆಗಳಂತೆ ಕಂಡರೆ, ನಿಮ್ಮ ಕೈಯಲ್ಲಿರುವುದು ಪಟ್ಟೆ ಕಬ್ಬಿಣಶಿಲೆ. ಬಿಳಿಯದು ಬೆಣಚಿನ ಜಾತಿಯ ಸಿಲಿಕ. ಕಪ್ಪು, ಕೆಂಪು ಎರಡೂ ಕಬ್ಬಿಣದ ಆಕ್ಸೈಡುಗಳು. ನೇರವಾಗಿ ಹೇಳಬೇಕೆಂದರೆ ತುಕ್ಕು, ಅಥವಾ ಒಂದು ಕಾಲಕ್ಕೆ ತುಕ್ಕಾಗಿದ್ದು ಆಮೇಲೆ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ ಗಟ್ಟಿಯಾದದ್ದು.

ಕರ್ನಾಟಕದ ಅತಿ ಎತ್ತರದ ಶಿಖರವಾದ 1,930 ಮೀಟರಿನ ಮುಳ್ಳಯ್ಯನಗಿರಿ ಇರುವುದು ಇದೇ ಸಾಲಿನಲ್ಲಿ. ಪಕ್ಕದ ಕೆಮ್ಮಣ್ಣುಗುಂಡಿಯ ಹೆಸರೇ ಎಲ್ಲವನ್ನೂ ಹೇಳುತ್ತದೆ. ಭದ್ರಾವತಿಯಲ್ಲಿ 1923ರಲ್ಲಿ ಕೆಲಸ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಗೆ ಅದಿರು ಇಳಿದು ಬರುತ್ತಿದ್ದದ್ದು ಅಲ್ಲಿಂದ. ಅದೇ ವರ್ಗಕ್ಕೆ ಸೇರಿಸಲಾಗುವ ಇನ್ನೊಂದು ಶಿಲಾಸಾಲು ಕುದುರೆಮುಖದ್ದು. ಆ ಗಣಿಯ ಕಂಪನಿ ಹುಟ್ಟಿದ್ದು 1976ರಲ್ಲಿ. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿ ನಿಂತಿತು. ಅಂದರೆ ಈ ಜಿಲ್ಲೆಯ ಒಂದು ಶತಮಾನದ ಉದ್ಯೋಗ, ವ್ಯಾಜ್ಯ, ಚಳವಳಿಗಳ ಹಿಂದೆ ಇದ್ದದ್ದು ಈ ತುಕ್ಕು.

ಇಷ್ಟೊಂದು ಕಬ್ಬಿಣಕ್ಕೆ ತುಕ್ಕು ಹಿಡಿಸಿದವರು ಯಾರು ಎಂಬುದು ಇವತ್ತಿಗೂ ಇತ್ಯರ್ಥವಾಗದ ಪ್ರಶ್ನೆ. ಶಂಕಿತರ ಪಟ್ಟಿಯಲ್ಲಿ ಒಂದು ವಿಚಿತ್ರ ಹೆಸರಿದೆ: ನೇರಳೆ ಬಣ್ಣದ ಬ್ಯಾಕ್ಟೀರಿಯ. ಆ ಹೆಸರು ಪಟ್ಟಿಗೆ ಸೇರಿದ್ದು ಹೇಗೆ ಎಂಬುದೇ ಈ ಲೇಖನದ ಕಥೆ.

ಮೊದಲು ಕಲ್ಲಿನ ಕಡೆಯಿಂದ ಬರೋಣ. ನಮ್ಮ ನಾಡಿನ ಈ ಹಳೆಯ ಶಿಲೆಗಳಿಗೆ 'ಧಾರವಾಡ' ಎಂಬ ಹೆಸರು ಕೊಟ್ಟವರು 1880ರ ದಶಕದಲ್ಲಿ ರಾಬರ್ಟ್ ಬ್ರೂಸ್ ಫೂಟ್. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದದ್ದು 1894ರಲ್ಲಿ. ಆ ಇಲಾಖೆಯ ಮುಖ್ಯಸ್ಥರಾಗಿದ್ದ ಡಬ್ಲ್ಯು.ಎಫ್. ಸ್ಮೀತ್ ಅವರಿಗೆ ಈ ಪಟ್ಟೆಶಿಲೆ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತದ್ದು ಎಂಬ ಮಾತು ಒಪ್ಪಿಗೆಯಾಗಿರಲಿಲ್ಲ. ಧಾರವಾಡ ಶಿಲೆಗಳೆಲ್ಲ ಬಹುಮಟ್ಟಿಗೆ ಅಗ್ನಿಶಿಲೆಗಳೇ, ಭೂಮಿಯ ಒಳಗಿನ ಕಾವಿಗೆ ಸಿಕ್ಕಿ ಮಾರ್ಪಟ್ಟವು ಎಂಬುದು ಅವರ ವಾದ. ಅವರು ಸೋಮಾರಿ ವಿಜ್ಞಾನಿಯಲ್ಲ. ಇದೇ ಬೆಟ್ಟದಲ್ಲಿ ನೀಲಿ ಛಾಯೆಯ ಖನಿಜವೊಂದನ್ನು ಗುರುತಿಸಿ 1908ರಲ್ಲಿ ಅದಕ್ಕೆ 'ಬಾಬಾಬುಡನೈಟ್' ಎಂದು ಹೆಸರಿಟ್ಟವರೂ ಅವರೇ. ಆದರೆ ಇಲಾಖೆಯ ಹಿರಿಯರ ಅಭಿಪ್ರಾಯ ಇಲಾಖೆಯ ಅಭಿಪ್ರಾಯವಾಗಿ ಬಹಳ ಕಾಲ ಉಳಿಯಿತು. ಕಚೇರಿಗಳಲ್ಲಿ ಇದು ಹೊಸದೇನಲ್ಲ.

ಅದನ್ನು ಬದಲಾಯಿಸಿದವರು ನಮ್ಮವರು. 1930ರ ದಶಕದಲ್ಲಿ ಸಿ.ಎಸ್. ಪಿಚ್ಚಮುತ್ತು ಅವರು ಬಾಬಾಬುಡನ್ ಬೆಟ್ಟಗಳ ಪೂರ್ವಭಾಗದ ಕಬ್ಬಿಣಶಿಲೆಗಳನ್ನು ವಿವರವಾಗಿ ಅಭ್ಯಾಸ ಮಾಡಿದರು. ಬಿ. ರಾಮರಾವ್ ಅವರು ಮೈಸೂರಿನ ಪ್ರಾಚೀನ ಶಿಲೆಗಳನ್ನೆಲ್ಲ ಮತ್ತೆ ಪರಿಶೀಲಿಸಿದರು. ಬೆಣಚುಶಿಲೆಗಳಲ್ಲಿ ನೀರಿನ ಅಲೆ ಬಿಟ್ಟ ಗೆರೆಗಳು, ಹರಿವು ಮಡಗಿದ ಓರೆ ಪದರಗಳು ಕಂಡವು. ಅಲೆಯ ಗುರುತು ಇದ್ದ ಮೇಲೆ ಅಲ್ಲಿ ಅಲೆ ಇದ್ದಿರಲೇಬೇಕು. ಹೀಗೆ ಅತ್ತಿಗುಂಡಿಯ ಬೆಟ್ಟ ಒಂದು ಕಾಲಕ್ಕೆ ನೀರಿನ ತಳವಾಗಿತ್ತು ಎಂಬುದು ಗಟ್ಟಿಯಾಯಿತು.

ಯಾವ ಕಾಲಕ್ಕೆ? 1997ರಲ್ಲಿ ಆಸ್ಟ್ರೇಲಿಯದ ಅಲೆಕ್ ಟ್ರೆಂಡಾಲ್ ಮತ್ತು ಅವರ ಸಂಗಡಿಗರು ಇದಕ್ಕೆ ಬಹಳ ಕರಾರುವಾಕ್ಕಾದ ಉತ್ತರ ಕೊಟ್ಟರು. ಮುಳ್ಳಯ್ಯನಗಿರಿಯ ಹೆಸರನ್ನೇ ಹೊತ್ತ ಶಿಲಾಸ್ತೋಮದಲ್ಲಿ, ಕಬ್ಬಿಣಶಿಲೆಯ ತಳಭಾಗದಿಂದ ಜಿರ್ಕಾನ್ ಎಂಬ ಸಣ್ಣ ಹರಳುಗಳನ್ನು ಬೇರ್ಪಡಿಸಿ, ಅವುಗಳಲ್ಲಿ ಯುರೇನಿಯಂ ಎಷ್ಟು ಸೀಸವಾಗಿದೆ ಎಂದು ಅಳೆದರು. ಬಂದ ವಯಸ್ಸು 272 ಕೋಟಿ ವರ್ಷ. ಆಚೀಚೆ 70 ಲಕ್ಷ ವರ್ಷ ಮಾತ್ರ.

ತೊಡಕು ಇಲ್ಲಿಂದಲೇ ಶುರು. ಕಬ್ಬಿಣಕ್ಕೆ ತುಕ್ಕು ಹಿಡಿಯಲು ಆಮ್ಲಜನಕ ಬೇಕು ಎಂದು ನೀವು ಎಂಟನೇ ತರಗತಿಯಲ್ಲೇ ಓದಿದ್ದೀರಿ. ಆದರೆ 272 ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಇರಲೇ ಇಲ್ಲ. ಇದಕ್ಕೂ ಸಾಕ್ಷಿ ಚಿಕ್ಕಮಗಳೂರಿನಲ್ಲೇ ಇದೆ. ಬಾಬಾಬುಡನ್ ಶಿಲಾವರ್ಗದ ತೀರಾ ಕೆಳಗಿನ ಪದರ ಕಳಸಾಪುರದ ಹೆಸರಿನ ಗುಂಡುಕಲ್ಲಿನ ಶಿಲೆ, ಹಳೆಯ ಹೊಳೆಗಳು ಉರುಳಿಸಿ ತಂದ ಬೆಣಚುಗುಂಡುಗಳ ರಾಶಿ. ಆ ಗುಂಡುಗಳ ಸಂದಿಯಲ್ಲಿ ಪೈರೈಟ್ ಕಣಗಳೂ ಯುರೇನಿಯಂ ಇರುವ ಖನಿಜದ ಕಣಗಳೂ ಸಿಕ್ಕಿವೆ. ಇಂದಿನ ಹೊಳೆಯಲ್ಲಿ ಇಂಥ ಕಣಗಳು ಆಮ್ಲಜನಕಕ್ಕೆ ಸಿಕ್ಕಿ ಬೇಗ ಹಾಳಾಗುತ್ತವೆ. ಅವು ಉರುಳುತ್ತ ಬಂದೂ ಉಳಿದಿವೆ ಎಂದರೆ ಅಂದಿನ ಗಾಳಿ ಬೇರೆಯದೇ ಆಗಿತ್ತು. 2000ದಲ್ಲಿ ಜೇಮ್ಸ್ ಫಾರ್ಕರ್ ಮತ್ತು ಸಂಗಡಿಗರು ಪ್ರಾಚೀನ ಶಿಲೆಗಳಲ್ಲಿನ ಗಂಧಕದ ಐಸೋಟೋಪುಗಳಿಂದ ಇದೇ ಮಾತನ್ನು ಇಡೀ ಭೂಮಿಗೆ ಅನ್ವಯಿಸಿ ತೋರಿಸಿದರು. ಗಾಳಿಗೆ ಆಮ್ಲಜನಕ ನೆಲೆಯಾಗಿ ಸೇರಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಅಂದರೆ ಅತ್ತಿಗುಂಡಿಯ ತುಕ್ಕು ಆಮ್ಲಜನಕಕ್ಕಿಂತ 30 ಕೋಟಿ ವರ್ಷ ಹಿರಿಯದು.

ಅಂದಿನ ಸಮುದ್ರದಲ್ಲಿ ಕಬ್ಬಿಣವೇನೋ ಧಾರಾಳವಾಗಿತ್ತು. ತಳದ ಬಿಸಿ ಬುಗ್ಗೆಗಳಿಂದ ಬಂದ ಫೆರಸ್ ಕಬ್ಬಿಣ ಸಕ್ಕರೆಯಂತೆ ನೀರಿನಲ್ಲಿ ಕರಗಿಕೊಂಡಿತ್ತು. ಅದರಿಂದ ಒಂದು ಎಲೆಕ್ಟ್ರಾನನ್ನು ಕಿತ್ತುಕೊಂಡರೆ ಅದು ಫೆರಿಕ್ ಕಬ್ಬಿಣವಾಗುತ್ತದೆ, ಕರಗಿರಲಾರದೆ ತುಕ್ಕಾಗಿ ತಳಕ್ಕಿಳಿಯುತ್ತದೆ. ಹಾಗಾದರೆ ನಮ್ಮ ಪ್ರಶ್ನೆ ಸರಳವಾಗುತ್ತದೆ: ಆ ಎಲೆಕ್ಟ್ರಾನನ್ನು ಕದ್ದವರು ಯಾರು?

ಅಮೆರಿಕದ ಭೂವಿಜ್ಞಾನಿ ಪ್ರೆಸ್ಟನ್ ಕ್ಲೌಡ್ 1960ರ ದಶಕದಲ್ಲಿ ಒಂದು ಉತ್ತರ ಕೊಟ್ಟರು. ಗಾಳಿಯಲ್ಲಿ ಇಲ್ಲದಿದ್ದರೂ ನೀರಿನಲ್ಲಿ ಸೈನೋಬ್ಯಾಕ್ಟೀರಿಯಗಳು ಅಲ್ಲಲ್ಲಿ ಆಮ್ಲಜನಕ ಬಿಡುತ್ತಿದ್ದವು, ಅದು ಗಾಳಿಗೆ ಸೇರುವ ಮೊದಲೇ ಕಬ್ಬಿಣ ಅದನ್ನು ಹೀರಿಕೊಂಡು ತುಕ್ಕಾಯಿತು ಎಂಬುದು ಅವರ ಊಹೆ. ಒಳ್ಳೆಯ ಊಹೆ. ಎಷ್ಟು ಒಳ್ಳೆಯದೆಂದರೆ ಹಲವು ಪಠ್ಯಪುಸ್ತಕಗಳು ಅದನ್ನು ಊಹೆ ಎಂದು ಹೇಳುವುದನ್ನೇ ಮರೆತವು. 1978ರಲ್ಲಿ ಕೇರ್ನ್ಸ್-ಸ್ಮಿತ್ ಎಂಬುವರು ಜೀವಿಗಳೇ ಬೇಡ, ಸೂರ್ಯನ ಅತಿನೇರಳೆ ಕಿರಣ ಸಾಕು ಎಂದರು. ಆಮೇಲಿನ ಪ್ರಯೋಗಗಳಲ್ಲಿ ಸಮುದ್ರದ ನೀರಿನಂಥ ದ್ರಾವಣದಲ್ಲಿ ಆ ಕ್ರಿಯೆ ಅಷ್ಟೇನೂ ನಡೆಯಲಿಲ್ಲ.

ಮೂರನೆಯ ಉತ್ತರಕ್ಕಾಗಿ ನಾವು ಕಲ್ಲನ್ನು ಬಿಟ್ಟು ಕೆಸರಿಗೆ ಇಳಿಯಬೇಕು.

1883ರಲ್ಲಿ ಹಾಲೆಂಡಿನ ಉಟ್ರೆಕ್ಟ್‌ನಲ್ಲಿ ಥಿಯೋಡೋರ್ ಎಂಗೆಲ್ಮನ್ ಎಂಬ ಜರ್ಮನ್ ಶರೀರವಿಜ್ಞಾನಿ ಸೂಕ್ಷ್ಮದರ್ಶಕದ ಕೆಳಗೆ ಕೆಂಪು-ನೇರಳೆ ಬಣ್ಣದ ಬ್ಯಾಕ್ಟೀರಿಯಗಳ ಈಜಾಟ ನೋಡುತ್ತಿದ್ದರು. (ಸಂಗೀತ ಬಲ್ಲವರಿಗೊಂದು ಮಾತು: ಸಂಗೀತಕಾರ ಬ್ರಾಮ್ಸ್ ತನ್ನ ಮೂರನೆಯ ತಂತಿವಾದ್ಯ ಚತುಷ್ಕವನ್ನು ಅರ್ಪಿಸಿದ್ದು ಈ ಎಂಗೆಲ್ಮನ್ನರಿಗೇ.) ಬೆಳಕಿನಿಂದ ಕತ್ತಲೆಯ ಗಡಿ ದಾಟಿದ ಕೂಡಲೇ ಅವು ಬೆಚ್ಚಿಬಿದ್ದಂತೆ ಹಿಂದಕ್ಕೆ ಹೊರಳುತ್ತಿದ್ದವು. ಎಂಗೆಲ್ಮನ್ ಒಂದು ಪುಟ್ಟ ರೋಹಿತವನ್ನು, ಅಂದರೆ ಕಾಮನಬಿಲ್ಲಿನ ಪಟ್ಟಿಯನ್ನು, ಗಾಜಿನ ಫಲಕದ ಮೇಲೆ ಬೀಳಿಸಿದರು. ಯಾವ ಬಣ್ಣದಲ್ಲಿ ಹೆಚ್ಚು ಗುಂಪಾಗುತ್ತವೆ ನೋಡೋಣ ಎಂದು. ಅವು ಹೆಚ್ಚಾಗಿ ಸೇರಿದ್ದು ಕೆಂಪಿನ ಆಚೆ, ಮನುಷ್ಯನ ಕಣ್ಣಿಗೆ ಏನೂ ಕಾಣದ ಜಾಗದಲ್ಲಿ! ಅವು ಅವಕೆಂಪು ಬೆಳಕನ್ನು ಉಣ್ಣುತ್ತಿದ್ದವು. ನಿಮ್ಮ ಮನೆಯ ಟಿ.ವಿ. ರಿಮೋಟಿನ ತುದಿಯಲ್ಲಿ ಹೊಳೆಯುವುದೂ ಇಂಥದೇ ಬೆಳಕು. ಈ ಗುಂಪಿನ ಕೆಲವು ಜೀವಿಗಳು ರಿಮೋಟಿನ ಬೆಳಕಿಗಿಂತಲೂ ಉದ್ದನೆಯ ಅಲೆಗಳನ್ನು ಹಿಡಿಯಬಲ್ಲವು.

ಎಂಗೆಲ್ಮನ್ನರು ಇವೂ ಗಿಡಗಳಂತೆ ಆಮ್ಲಜನಕ ಬಿಡುತ್ತವೆ ಎಂದುಕೊಂಡಿದ್ದರು. 1907ರಲ್ಲಿ ಹಾನ್ಸ್ ಮೋಲಿಷ್ ಎಂಬ ಸಸ್ಯವಿಜ್ಞಾನಿ ಅದು ಹಾಗಲ್ಲ, ಇವು ಆಮ್ಲಜನಕ ಬಿಡುವುದೇ ಇಲ್ಲ ಎಂದು ತೋರಿಸಿದರು. ಈ ಮೋಲಿಷ್ 1920ರ ದಶಕದ ಕೊನೆಯಲ್ಲಿ ಜಗದೀಶಚಂದ್ರ ಬೋಸರ ಆಹ್ವಾನದ ಮೇಲೆ ಕಲ್ಕತ್ತೆಯ ಬೋಸ್ ಸಂಸ್ಥೆಗೂ ಬಂದು ಕೆಲಸ ಮಾಡಿದ್ದರು. ಬೆಳಕನ್ನು ಉಣ್ಣುವ, ಆದರೆ ಆಮ್ಲಜನಕ ಕೊಡದ ಜೀವಿ ಎಂಥದು? ಎಷ್ಟೋ ಮಂದಿಗೆ ಇದು ದ್ಯುತಿಸಂಶ್ಲೇಷಣೆಯೇ ಅಲ್ಲ ಎನ್ನಿಸಿತು.

ಗಂಟು ಬಿಚ್ಚಿದವರು ಡಚ್ ವಿಜ್ಞಾನಿ ಕಾರ್ನೆಲಿಸ್ ವಾನ್ ನೀಲ್. ಡೆಲ್ಫ್ಟ್‌ನಲ್ಲಿ ಓದಿ, ಕ್ಯಾಲಿಫೋರ್ನಿಯದ ಕಡಲ ತೀರದ ಪ್ರಯೋಗಾಲಯಕ್ಕೆ ಹೋದ ಅವರು 1931ರಲ್ಲಿ ಒಂದು ದೊಡ್ಡ ಪ್ರಬಂಧ ಪ್ರಕಟಿಸಿದರು. ಗಂಧಕವನ್ನು ಅವಲಂಬಿಸಿದ ನೇರಳೆ ಬ್ಯಾಕ್ಟೀರಿಯಗಳು ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೊಜನ್ ಸಲ್ಫೈಡನ್ನು ಒಡೆದು ಅದರ ಜಲಜನಕವನ್ನು ಇಂಗಾಲದ ಡೈಆಕ್ಸೈಡಿಗೆ ಸೇರಿಸುತ್ತವೆ, ಉಳಿಯುವುದು ಗಂಧಕ. ಗಿಡ ಇದೇ ಕೆಲಸವನ್ನು ನೀರಿನಿಂದ ಮಾಡುತ್ತದೆ, ಉಳಿಯುವುದು ಆಮ್ಲಜನಕ. ಎರಡೂ ಒಂದೇ ಲೆಕ್ಕ, ದಾನಿ ಮಾತ್ರ ಬೇರೆ. ಹಾಗಿದ್ದರೆ ಗಿಡ ಬಿಡುವ ಆಮ್ಲಜನಕ ಬರುವುದು ಇಂಗಾಲದ ಡೈಆಕ್ಸೈಡಿನಿಂದಲ್ಲ, ನೀರಿನಿಂದ. ಅಂದಿನ ನಂಬಿಕೆಗೆ ಇದು ತೀರಾ ವಿರುದ್ಧ. 1941ರಲ್ಲಿ ರೂಬೆನ್, ಕೇಮೆನ್ ಮತ್ತು ಸಂಗಡಿಗರು ಭಾರದ ಆಮ್ಲಜನಕದ ಗುರುತು ಹಾಕಿದ ನೀರನ್ನು ಪಾಚಿಗೆ ಕೊಟ್ಟು ವಾನ್ ನೀಲ್ ಮಾತು ಸರಿಯೆಂದು ತೋರಿಸಿದರು. ನೀವು ಪರೀಕ್ಷೆಯಲ್ಲಿ ಬರೆಯುವ ದ್ಯುತಿಸಂಶ್ಲೇಷಣೆಯ ಸಮೀಕರಣ ಹೊಳೆದದ್ದು ಹಸಿರು ಎಲೆ ನೋಡಿಯಲ್ಲ, ನಾರುವ ಕೆಸರು ನೋಡಿ ಎಂಬುದು ನನಗೆ ಈ ಕಥೆಯ ಅತ್ಯಂತ ಪ್ರಿಯವಾದ ಭಾಗ.

ದಾನಿ ಬೇರೆಯಾಗಬಹುದು ಎಂದ ಮೇಲೆ ದಾನಿಗಳ ಪಟ್ಟಿ ಬೆಳೆಯಿತು: ಗಂಧಕದ ಸಂಯುಕ್ತಗಳು, ಜಲಜನಕ, ಸಾವಯವ ಆಮ್ಲಗಳು. ಈ ಜೀವಿಗಳ ಚಯಾಪಚಯದ ಸೊಗಸು ಅಲ್ಲೇ ಇದೆ. 'ರೋಡೊಸ್ಯೂಡೊಮೊನಾಸ್ ಪಲುಸ್ಟ್ರಿಸ್' ಎಂಬುದನ್ನೇ ನೋಡಿ (ಪಲುಸ್ಟ್ರಿಸ್ ಎಂದರೆ ಜೌಗಿನದು). ಬೆಳಕಿದ್ದರೆ ಬೆಳಕು ಉಣ್ಣುತ್ತದೆ, ಕತ್ತಲಾಗಿ ಗಾಳಿ ಸಿಕ್ಕರೆ ನಮ್ಮಂತೆ ಉಸಿರಾಡುತ್ತದೆ, ಇಂಗಾಲವನ್ನು ಗಾಳಿಯಿಂದಲೂ ತೆಗೆದುಕೊಳ್ಳುತ್ತದೆ, ಕೊಳೆತ ಗಿಡದಿಂದಲೂ ತೆಗೆದುಕೊಳ್ಳುತ್ತದೆ, ಸಾರಜನಕವನ್ನು ಸ್ಥಿರೀಕರಿಸುತ್ತದೆ. ಅದರ ಪೂರ್ತಿ ಜೀನೋಮ್ 2004ರಲ್ಲಿ ಪ್ರಕಟವಾಯಿತು. ನಮ್ಮ ಜೀವಕೋಶಗಳ ಮೈಟೊಕಾಂಡ್ರಿಯಗಳ ಪೂರ್ವಜರೂ ಇವುಗಳ ಬಂಧುಬಳಗದವರೇ. ಇಂಥ ಒಂದು ಬ್ಯಾಕ್ಟೀರಿಯದ ದ್ಯುತಿಕೇಂದ್ರವನ್ನು ಹಾರ್ಟ್‌ಮುಟ್ ಮಿಷೆಲ್ 1982ರಲ್ಲಿ ಹರಳಾಗಿಸಿದರು. ಡೈಸೆನ್‌ಹೋಫರ್, ಹ್ಯೂಬರ್ ಜೊತೆಗೂಡಿ 1985ರಲ್ಲಿ ಅದರ ಅಣುರಚನೆಯನ್ನು ಬಿಡಿಸಿದರು. 1988ರ ರಸಾಯನ ನೊಬೆಲ್ ಮೂವರಿಗೂ ಹೋಯಿತು.

ಈಗ ಬೆಟ್ಟಕ್ಕೆ ಮರಳಬಹುದು. 1993ರಲ್ಲಿ ಜರ್ಮನಿಯ ಫ್ರೀಡ್ರಿಕ್ ವಿಡ್ಡೆಲ್, ಬರ್ನ್‌ಹಾರ್ಡ್ ಷಿಂಕ್ ಮತ್ತು ಸಂಗಡಿಗರು ಒಂದು ನೇರವಾದ ಪ್ರಶ್ನೆ ಕೇಳಿದರು: ಕರಗಿದ ಕಬ್ಬಿಣವೇ ದಾನಿಯಾಗಬಾರದೇಕೆ? ಕೆಸರಿನಿಂದ ತೆಗೆದ ಬ್ಯಾಕ್ಟೀರಿಯಗಳನ್ನು ಆಮ್ಲಜನಕದ ಸುಳಿವೂ ಇಲ್ಲದ ಸೀಸೆಗಳಲ್ಲಿ ಫೆರಸ್ ಕಬ್ಬಿಣದ ಜೊತೆ ಬೆಳಕಿನಲ್ಲಿಟ್ಟರು. ದಿನಗಳು ಕಳೆದಂತೆ ಸೀಸೆಯಲ್ಲಿ ಕಂದು ಬಣ್ಣದ ತುಕ್ಕು ಕೂರಿತು. ಕತ್ತಲಲ್ಲಿಟ್ಟದ್ದರಲ್ಲಿ ಇಲ್ಲ. ನೇರಳೆ ಬ್ಯಾಕ್ಟೀರಿಯಗಳು ಕಬ್ಬಿಣದಿಂದ ಎಲೆಕ್ಟ್ರಾನ್ ಕಿತ್ತುಕೊಂಡು ಸಕ್ಕರೆ ಕಟ್ಟುತ್ತಿದ್ದವು. ಒಂದು ಇಂಗಾಲವನ್ನು ಕಟ್ಟಲು ನಾಲ್ಕು ಕಬ್ಬಿಣದ ಅಯಾನುಗಳು ತುಕ್ಕಾಗಬೇಕು. ಅಂದರೆ ಸ್ವಲ್ಪ ಜೀವ, ಬಹಳ ತುಕ್ಕು. ಅದೇ ಲೇಖನದಲ್ಲಿ ಅವರು ಬರೆದರು: ಪ್ರಾಚೀನ ಪಟ್ಟೆ ಕಬ್ಬಿಣಶಿಲೆಗಳು ಆಮ್ಲಜನಕವಿಲ್ಲದೆ ಹೀಗೆ ಹುಟ್ಟಿರಬಹುದು.

2005ರಲ್ಲಿ ಆಂಡ್ರಿಯಾಸ್ ಕಾಪ್ಲರ್, ಕುರ್ಟ್ ಕೊನ್‌ಹೌಸರ್ ಮುಂತಾದವರು ಲೆಕ್ಕ ಹಾಕಿ, ಸಮುದ್ರದ ಮೇಲಿನ ನೀರಿನಲ್ಲಿ ಇಂಥ ಜೀವಿಗಳ ಒಂದು ಪದರ ಇದ್ದಿದ್ದರೂ ಸಾಕು, ಮಂದ ಬೆಳಕಿನಲ್ಲೇ ಮೇಲೇರಿ ಬರುವ ಕಬ್ಬಿಣವನ್ನೆಲ್ಲ ತುಕ್ಕಾಗಿಸಬಲ್ಲದು ಎಂದು ತೋರಿಸಿದರು. ಇನ್ನೊಂದು ಸಮಸ್ಯೆಗೂ ಉತ್ತರ ಸಿಕ್ಕಿತು. ತುಕ್ಕು ತನ್ನ ಮೈಯೊಳಗೇ ಗಟ್ಟಿಯಾದರೆ ಜೀವಿ ಬದುಕುವುದು ಹೇಗೆ? ಪಲುಸ್ಟ್ರಿಸ್‌ನ ಒಂದು ತಳಿಯಲ್ಲಿ 2007ರಲ್ಲಿ ಗುರುತಿಸಲಾದ ಮೂರು ಜೀನುಗಳು ಅದಕ್ಕೆ ಕಬ್ಬಿಣವನ್ನು ಕೋಶದ ಹೊರಗೇ ಇಟ್ಟು ಎಲೆಕ್ಟ್ರಾನನ್ನು ಮಾತ್ರ ಒಳಕ್ಕೆ ಎಳೆದುಕೊಳ್ಳಲು ನೆರವಾಗುತ್ತವೆ.

ಹಾಗಾದರೆ ಕಳ್ಳ ಸಿಕ್ಕಿಬಿದ್ದನೇ? ಇಲ್ಲ. ಇಲ್ಲಿ ನೀವು ಜಾಗರೂಕರಾಗಿರಬೇಕು. ಸಾಮರ್ಥ್ಯ ಇದೆ ಎಂಬುದು ಒಂದು ಮಾತು, ಸ್ಥಳದಲ್ಲಿ ಇದ್ದ ಎಂಬುದು ಇನ್ನೊಂದು. ನೇರಳೆ ಗಂಧಕ ಬ್ಯಾಕ್ಟೀರಿಯಗಳ ಒಂದು ವರ್ಣದ್ರವ್ಯದ ರಾಸಾಯನಿಕ ಅವಶೇಷ ಆಸ್ಟ್ರೇಲಿಯದ ಉತ್ತರ ಭಾಗದ ಶಿಲೆಗಳಲ್ಲಿ ದೊರೆತದ್ದು 2005ರಲ್ಲಿ ವರದಿಯಾಯಿತು. ಅದರ ವಯಸ್ಸು 164 ಕೋಟಿ ವರ್ಷ. ಬಾಬಾಬುಡನ್ ಶಿಲೆ ಅದಕ್ಕಿಂತ 100 ಕೋಟಿ ವರ್ಷಕ್ಕೂ ಹಿರಿಯದು. ಅಷ್ಟು ಕಾದು ಬೆಂದ ನಮ್ಮ ಕಲ್ಲುಗಳಲ್ಲಿ ಅಂಥ ಸೂಕ್ಷ್ಮ ಅಣುಗಳು ಉಳಿಯುವ ಆಸೆ ಕಡಿಮೆ. ಇನ್ನೊಂದು ಕಡೆ, ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಸೂಕ್ಷ್ಮಜೀವಿಗಳ ಚಾಪೆಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟ್ ಎಂಬ ರಚನೆಗಳು 1989ರಲ್ಲಿ ವರದಿಯಾಗಿವೆ. ಕ್ಲೌಡ್ ಪಕ್ಷದವರು ಅವನ್ನು ತೋರಿಸಿ, ಸೈನೋಬ್ಯಾಕ್ಟೀರಿಯ ಆಗಲೇ ಇದ್ದವು ನೋಡಿ ಎನ್ನಬಹುದು. ಆದರೆ ಬೆಳಕು ಉಣ್ಣುವ ಬೇರೆ ಬ್ಯಾಕ್ಟೀರಿಯಗಳೂ ಅಂಥ ಚಾಪೆ ಕಟ್ಟಬಲ್ಲವು. ಇಬ್ಬರೂ ಸೇರಿ ಮಾಡಿದ ಕೆಲಸವಿರಬಹುದು ಎಂಬುದು ಹಲವರ ಇಂದಿನ ಅಭಿಪ್ರಾಯ, ನನಗೂ ಅದೇ ಹೆಚ್ಚು ಸಂಭಾವ್ಯವೆನಿಸುತ್ತದೆ. ಆ ಪ್ರಾಚೀನ ಕಬ್ಬಿಣಕಳ್ಳ ಇಂದಿನ ನೇರಳೆ ಬ್ಯಾಕ್ಟೀರಿಯದ ನೇರ ಅಜ್ಜನೇ ಆಗಿರಬೇಕೆಂದೂ ಇಲ್ಲ. ಅದೇ ಕಸುಬು ಕಲಿತಿದ್ದ ಬೇರೆ ಮನೆತನದವನೂ ಆಗಿರಬಹುದು.

ಇಷ್ಟೆಲ್ಲ ಹಳೆಯ ಕಸುಬಿಗೆ ಇಂದು ಬೆಲೆ ಬಂದಿದೆ. 1949ರಲ್ಲಿ ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹೋವರ್ಡ್ ಗೆಸ್ಟ್ ಮತ್ತು ಮೇಲೆ ಹೇಳಿದ ಕೇಮೆನ್ ಇವು ಬೆಳಕಿನಲ್ಲಿ ಜಲಜನಕ ಅನಿಲ ಬಿಡುವುದನ್ನು ಕಂಡರು. ಸಾರಜನಕ ಹಿಡಿಯುವ ಕಿಣ್ವವೇ ಜಲಜನಕವನ್ನೂ ಬಿಡುತ್ತದೆ. ಅದನ್ನು ಇಂಧನವಾಗಿಸುವ ಪ್ರಯತ್ನ ಇನ್ನೂ ಪ್ರಯೋಗಾಲಯದ ಹೊಸಿಲು ಪೂರ್ತಿ ದಾಟಿಲ್ಲ. ಅದೇ ವಿಶ್ವವಿದ್ಯಾಲಯದಲ್ಲಿ ಈಗ ಭಾರತೀಯ ಮೂಲದ ಅರ್ಪಿತಾ ಬೋಸ್, ಕಬ್ಬಿಣದ ಬದಲು ವಿದ್ಯುತ್ ತಂತಿಯಿಂದಲೇ ಎಲೆಕ್ಟ್ರಾನ್ ಪಡೆಯುವ ಪಲುಸ್ಟ್ರಿಸ್‌ನಿಂದ ಜೈವಿಕ ಪ್ಲಾಸ್ಟಿಕ್ಕನ್ನೂ ಬ್ಯೂಟನಾಲ್ ಇಂಧನವನ್ನೂ ಅಲ್ಪ ಪ್ರಮಾಣದಲ್ಲಿ ತೆಗೆದು ತೋರಿಸಿದ್ದಾರೆ. ಔಷಧದ ಅಂಗಡಿಯಲ್ಲಿ ಸಿಗುವ ಕೋಎನ್‌ಜೈಮ್ ಕ್ಯೂ-10 ತಯಾರಿಸಲು ಇನ್ನೊಂದು ನೇರಳೆ ಬ್ಯಾಕ್ಟೀರಿಯವನ್ನು ಬಳಸುತ್ತಾರೆ. ಇದೇ ವಸ್ತುವಿನ, ಅಂದರೆ ಯುಬಿಕ್ವಿನೋನಿನ, ಚಯಾಪಚಯದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಟಿ. ರಾಮಶರ್ಮ ಅವರು 1960ರ ದಶಕದಲ್ಲೇ ಕೆಲಸ ಮಾಡಿದ್ದರು. ಸಿಗಡಿ ಸಾಕುವವರು ಕೊಳದ ತಳದ ಕೊಳೆ ಕಳೆಯಲು ಸುರಿಯುವ ಕೆಂಪು ದ್ರಾವಣದಲ್ಲೂ ಇವೇ ಇರುತ್ತವೆ. ಭತ್ತದ ಗದ್ದೆಯ ಕೆಸರಂತೂ ಇವುಗಳ ತವರು. ಹೈದರಾಬಾದಿನ ಚಿಂತಲಪಾಟಿ ಶಶಿಕಲಾ ಮತ್ತು ಚಿಂತಲಪಾಟಿ ವೆಂಕಟರಮಣ ಅವರ ತಂಡಗಳು ನಮ್ಮ ದೇಶದ ನೀರು, ಮಣ್ಣುಗಳಿಂದಲೇ ಹತ್ತಾರು ಹೊಸ ಪ್ರಭೇದಗಳನ್ನು ಬೇರ್ಪಡಿಸಿ ಹೆಸರಿಟ್ಟಿವೆ.

ಕಾಫಿಸೀಮೆಯ ವಿದ್ಯಾರ್ಥಿಗಳಿಗೆ ಇದರಲ್ಲಿ ಇನ್ನೂ ಹತ್ತಿರದ ಮಾತಿದೆ. ಹಣ್ಣು ಕುಯ್ದು ಪಲ್ಪರಿಗೆ ಹಾಕಿ ಪಾರ್ಚ್‌ಮೆಂಟ್ ತೊಳೆದ ನೀರು ಹುಳಿಯಾಗಿರುತ್ತದೆ, ಸಕ್ಕರೆ ಮತ್ತು ಲೋಳೆಯಿಂದ ತುಂಬಿರುತ್ತದೆ. ಹಾಗೆಯೇ ಹಳ್ಳಕ್ಕೆ ಬಿಟ್ಟರೆ ಹಳ್ಳದ ಆಮ್ಲಜನಕವನ್ನೆಲ್ಲ ಹೀರಿ ಮೀನು ಸಾಯಿಸುತ್ತದೆ. ಆದ್ದರಿಂದ ಅದಕ್ಕೆ ಸುಣ್ಣ ಹಾಕಿ ಹುಳಿ ಕಳೆದು, ಗಾಳಿ ತಾಗದ ಹೊಂಡದಲ್ಲಿ ಕೊಳೆಯಿಸಿ, ಆಮೇಲೆ ಗಾಳಿಯಾಡುವ ಹೊಂಡಕ್ಕೆ ಬಿಡುವುದು ಕ್ರಮ. ಹುಳಿ ಕಳೆದ ಹೊಂಡದಲ್ಲಿ ಬೆಳಕೂ ಸಲ್ಫೈಡೂ ಸಾವಯವ ಆಮ್ಲವೂ ಕೂಡಿದರೆ ಅದು ನೇರಳೆ ಬ್ಯಾಕ್ಟೀರಿಯಗಳಿಗೆ ಹೇಳಿ ಮಾಡಿಸಿದ ಜಾಗ. ಜಗತ್ತಿನ ಹಲವೆಡೆ ಕೊಳಚೆ ಹೊಂಡಗಳು ಇದ್ದಕ್ಕಿದ್ದಂತೆ ಗುಲಾಬಿ, ನೇರಳೆ ಬಣ್ಣಕ್ಕೆ ತಿರುಗುವುದೂ ಅಲ್ಲಿನ ನಾತ ಕಡಿಮೆಯಾಗುವುದೂ ಇವುಗಳಿಂದಲೇ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ. ಜೀವವಿಜ್ಞಾನ ಓದುವ ನಿಮ್ಮಲ್ಲಿ ಯಾರಾದರೂ ಈ ಹೊಂಡಗಳ ಬಣ್ಣದ ಲೆಕ್ಕ ಇಡಲು ಮುಂದಾದರೆ ಮಾಡುವ ಕೆಲಸ ಬೇಕಾದಷ್ಟಿದೆ.

ಅಷ್ಟು ದೂರ ಹೋಗದೆ ಮನೆಯಲ್ಲೇ ನೋಡಬೇಕೆ? ರಷ್ಯದ ವಿಜ್ಞಾನಿ ಸರ್ಗೇಯ್ ವಿನೊಗ್ರಾಡ್‌ಸ್ಕಿ ಹೇಳಿಕೊಟ್ಟ ಉಪಾಯವೊಂದಿದೆ. ಬಾಯಗಲದ ಪಾರದರ್ಶಕ ಸೀಸೆ ತೆಗೆದುಕೊಳ್ಳಿ. ಕೆರೆಯ ಅಥವಾ ಗದ್ದೆಯ ಕಪ್ಪು ಕೆಸರಿಗೆ ಚೂರು ಮಾಡಿದ ಸುದ್ದಿಪತ್ರಿಕೆ ಮತ್ತು ಒಂದು ಚಮಚ ಜಿಪ್ಸಂ ಕಲಸಿ ಮೂರನೇ ಒಂದು ಪಾಲು ತುಂಬಿ. ಮೇಲೆ ಬೇರೇನೂ ಬೆರೆಸದ ಕೆಸರು, ಅದರ ಮೇಲೆ ಅದೇ ಕೆರೆಯ ನೀರು. ಗಾಳಿಗುಳ್ಳೆ ಉಳಿಯದಂತೆ ಕಡ್ಡಿಯಿಂದ ಚುಚ್ಚಿ. ಮುಚ್ಚಳವನ್ನು ಬಿಗಿಯಬೇಡಿ, ಒಳಗೆ ಅನಿಲ ಹುಟ್ಟುತ್ತದೆ; ಸಡಿಲವಾಗಿ ಮುಚ್ಚಿ ಕಿಟಕಿಯ ಬಳಿ ಇಡಿ, ಸುಡುಬಿಸಿಲು ಬೇಡ. ಮೊದಲ ಎರಡು ವಾರ ಏನೂ ಕಾಣುವುದಿಲ್ಲ, ವಾಸನೆ ಮಾತ್ರ ಬರುತ್ತದೆ, ಮನೆಯವರು ಬೈಯುತ್ತಾರೆ. ಆರೇಳು ವಾರಕ್ಕೆ ಬೆಳಕು ಬೀಳುವ ಮಗ್ಗುಲಲ್ಲಿ, ಕೆಸರಿನ ನಡುವೆ, ನೇರಳೆ ಬಣ್ಣದ ಮಚ್ಚೆಗಳು ಮೂಡಲು ಶುರುವಾಗುತ್ತವೆ. ಸೀಸೆಯ ಹಿಂಬದಿಗೆ ಕಪ್ಪು ಕಾಗದ ಅಂಟಿಸಿಟ್ಟಿದ್ದರೆ ಆ ಬದಿಯಲ್ಲಿ ಅವು ಮೂಡಿವೆಯೇ ಇಲ್ಲವೇ ಎಂಬುದನ್ನೂ ಬರೆದಿಟ್ಟುಕೊಳ್ಳಿ.